ನಾಲ್ಕನೆಯ ದಿನ ಸಾಯುತ್ತಿದ್ದ ಬ್ಯಾಕ್ಟೀರಿಯ

“ಸರ್, ವಿಧಾನವನ್ನು ಇಷ್ಟುದ್ದ ಬರೆಯಲೇಬೇಕೆ? ‘ಹಿಂದಿನವರು ವಿವರಿಸಿದಂತೆ’ ಎಂದು ಒಂದು ಸಾಲು ಹಾಕಿದರೆ ಸಾಲದೆ?”

ಕೇಳಿದವಳು ಗಂಗಾಂಬಿಕೆ. ಕೊಳೆನೀರನ್ನು ಶುದ್ಧಮಾಡುವ ಸೂಕ್ಷ್ಮಜೀವಿಗಳ ಮೇಲೆ ನಾಲ್ಕು ವರ್ಷ ದುಡಿದು ತನ್ನ ಮೊದಲ ಪ್ರಬಂಧ ಸಿದ್ಧಪಡಿಸಿದ್ದಳು. ಪರಿಸರ ಸೂಕ್ಷ್ಮಜೀವಿಶಾಸ್ತ್ರದ ಪತ್ರಿಕೆಯೊಂದಕ್ಕೆ ಅದನ್ನು ಅಂದೇ ಕಳುಹಿಸಬೇಕಿತ್ತು. ಅವರು ಒಪ್ಪಿ ಪ್ರಕಟಿಸಿದರೆ ಮಾತ್ರ ಅವಳಿಗೆ ಡಾಕ್ಟರೇಟ್. ಪತ್ರಿಕೆಯವರು ಇಂತಿಷ್ಟೇ ಪದ ಎಂದು ಮಿತಿ ಹಾಕಿದ್ದರು. ಅವಳದು ಆರುನೂರು ಪದ ಹೆಚ್ಚಾಗಿತ್ತು. ಎಲ್ಲಿ ಕತ್ತರಿಸಲಿ ಎಂದು ಹುಡುಕಿ ಹುಡುಕಿ ಕೊನೆಗೆ ವಿಧಾನದ ಭಾಗಕ್ಕೆ ಬಂದಿದ್ದಳು.

ಅವಳ ಮಾರ್ಗದರ್ಶಕರಾದ ಸೋಮಲಿಂಗಯ್ಯ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆಂದರೆ ಬೈಗುಳ, ಇಲ್ಲವೇ ಕತೆ, ಎರಡರಲ್ಲಿ ಒಂದು ಖಂಡಿತ ಎಂದು ಶಿಷ್ಯರಿಗೆಲ್ಲ ಗೊತ್ತಿತ್ತು.

“ಕೂತ್ಕೋ ತಾಯಿ,” ಎಂದರು. ಕತೆಯೇ ಎಂದು ತಿಳಿದು ಅವಳಿಗೆ ಹೋದ ಜೀವ ಬಂದಂತಾಯಿತು.

ಮೇಷ್ಟ್ರು ಹೇಳತೊಡಗಿದರು.

ಒಬ್ಬ ಸಂಶೋಧಕ ಇದ್ದ. ಅವನದು ನೇಕಾರರ ಊರು. ನೂಲಿಗೆ ಬಣ್ಣ ಹಾಕಿದ ನೀರೆಲ್ಲ ಹರಿದು ಹರಿದು ಊರ ಕೆರೆ ಕೆಂಪಗಾಗಿತ್ತು. ಮೀನು ಸತ್ತವು, ದನಗಳು ನೀರಿಗೆ ಬಾಯಿ ಹಾಕುವುದನ್ನು ಬಿಟ್ಟವು. ಪುರಸಭೆಯವರು ಸಭೆ ಸೇರಿ ಒಂದು ತೀರ್ಮಾನ ಮಾಡಿದರು: ಮಳೆಗಾಲದೊಳಗೆ ನೀರು ತಿಳಿಯಾಗದಿದ್ದರೆ ಕೆರೆಯನ್ನೇ ಮಣ್ಣು ಹಾಕಿ ಮುಚ್ಚುವುದು. ಸಂಶೋಧಕ ಈಜು ಕಲಿತದ್ದು ಆ ಕೆರೆಯಲ್ಲಿ. ಸುದ್ದಿ ಕೇಳಿ ಅವನಿಗೆ ಅನ್ನ ಸೇರಲಿಲ್ಲ. ಏನಾದರಾಗಲಿ, ಕೆರೆ ಉಳಿಸಿಯೇ ತೀರುತ್ತೇನೆ ಎಂದು ಹಟ ಹಿಡಿದ.

ಅವನ ಕೈಗೆ ಒಂದು ಪ್ರಬಂಧ ಸಿಕ್ಕಿತು. ಅದೇ ಕೆಂಪು ಬಣ್ಣವನ್ನು ತಿಂದು ಜೀರ್ಣಿಸಿಕೊಳ್ಳುವ ಒಂದು ಬ್ಯಾಕ್ಟೀರಿಯದ ವಿಷಯ ಅದರಲ್ಲಿತ್ತು. ಅಚ್ಚುಕಟ್ಟಾದ ಪ್ರಬಂಧ, ಒಳ್ಳೆಯ ಪತ್ರಿಕೆ. ಸಂಶೋಧಕ ಅದನ್ನು ಬರೆದವನಿಗೆ ಕಾಗದ ಹಾಕಿ ಆ ಬ್ಯಾಕ್ಟೀರಿಯವನ್ನು ತರಿಸಿಕೊಂಡ. ಕೆರೆಗೆ ಬಿಡಬೇಕಾದರೆ ಮೊದಲು ಅದನ್ನು ಕುಪ್ಪಿಯಲ್ಲಿ ಹೇರಳವಾಗಿ ಬೆಳೆಸಿಕೊಳ್ಳಬೇಕು. ಪ್ರಬಂಧದಲ್ಲಿ ಹೇಳಿದಷ್ಟೇ ಲವಣ ಹಾಕಿದ, ಹೇಳಿದಷ್ಟೇ ಶಾಖ ಕೊಟ್ಟ, ಬಟ್ಟಿ ಇಳಿಸಿದ ನೀರನ್ನೇ ಬಳಸಿದ. ಮೂರು ದಿನ ಬೆಳೆಯಿತು. ನಾಲ್ಕನೆಯ ದಿನ ಸತ್ತಿತು.

ಮತ್ತೆ ಬೆಳೆಸಿದ. ಮತ್ತೆ ನಾಲ್ಕನೆಯ ದಿನ ಸತ್ತಿತು. ಶಾಖ ಬದಲಿಸಿ ನೋಡಿದ, ಲವಣ ಬದಲಿಸಿ ನೋಡಿದ. ಊಹೂಂ. ಹದಿನೇಳು ಸಲ ಬೆಳೆಸಿದ, ಹದಿನೇಳು ಸಲವೂ ಸತ್ತಿತು. ಪಕ್ಕದ ಕೋಣೆಯವರು, “ಏನಪ್ಪಾ, ಇವತ್ತು ಯಾವ ದಿನ? ಮೂರನೆಯದೋ, ತಿಥಿಯದೋ?” ಎಂದು ಚುಡಾಯಿಸುತ್ತಿದ್ದರು. ಅವನಿಗೆ ತನ್ನ ಕೈಯ ಮೇಲೇ ಅನುಮಾನ ಹುಟ್ಟಿತು. ನಾನು ದಡ್ಡನಿರಬೇಕು, ಇಲ್ಲದಿದ್ದರೆ ಎಲ್ಲರಿಗೂ ಆದದ್ದು ನನಗೇಕೆ ಆಗುವುದಿಲ್ಲ ಎಂದು ಅಳುವಷ್ಟಾಯಿತು. ಆದರೆ ಬಿಡಲಿಲ್ಲ.

ಪ್ರಬಂಧವನ್ನು ಇನ್ನೊಮ್ಮೆ ತೆಗೆದು ನೋಡಿದ. ವಿಧಾನ ಎಂಬಲ್ಲಿ ನಾಲ್ಕೇ ಸಾಲು. ಕೊನೆಯಲ್ಲಿ ‘ಉಳಿದದ್ದು ಹಿಂದಿನವರು ವಿವರಿಸಿದಂತೆ’ ಎಂದಿತ್ತು. ಹಾಗಾದರೆ ಆ ಹಿಂದಿನವರನ್ನೇ ಕೇಳುತ್ತೇನೆ ಎಂದು ಹೊರಟ.

ಮೊದಲು ಆ ಪ್ರಬಂಧ ಬರೆದವನ ಬಳಿ ಹೋದ. ಅವನು ಒಳ್ಳೆಯ ಮನುಷ್ಯ. ಕಾಫಿ ಕುಡಿಸಿ, ಸಂಕೋಚದಿಂದ ಹೇಳಿದ: “ನಿಜ ಹೇಳಬೇಕೆಂದರೆ, ಹಳೆಯ ಸಂಸ್ಥೆ ಬಿಟ್ಟು ಇಲ್ಲಿಗೆ ಬಂದ ಮೇಲೆ ನನಗೂ ಅದು ಬೆಳೆಯಲಿಲ್ಲ. ತಳಿ ಸೊರಗಿತೆಂದು ಕೈಬಿಟ್ಟೆ; ನಿಮಗೆ ಕಳುಹಿಸಿದ್ದು ಹಳೆಯ ದಾಸ್ತಾನಿನದು. ವಿಧಾನ ನನ್ನದಲ್ಲ, ನನ್ನ ಸೀನಿಯರ್ ಬರೆದದ್ದು.” ಸೀನಿಯರ್ ನಿವೃತ್ತನಾಗಿದ್ದ. ಅವನು ತನ್ನ ಗುರುವಿನ ಪ್ರಬಂಧ ತೋರಿಸಿದ. ಗುರು ತೀರಿಕೊಂಡು ಆರು ವರ್ಷವಾಗಿತ್ತು. ಆ ಗುರುವಾದರೂ ವಿಧಾನವನ್ನು ಯಾವುದೋ ಪಠ್ಯಪುಸ್ತಕದಿಂದ ಎತ್ತಿ ಬರೆದಿದ್ದರು. ಇನ್ನು ಕೇಳೋಣವೆಂದರೆ ಯಾರೂ ಉಳಿದಿರಲಿಲ್ಲ. ಇತ್ತ ಊರಿನಿಂದ ಫೋನು ಬಂತು; ಮಣ್ಣಿನ ಲಾರಿಗಳು ಕೆರೆಯ ದಂಡೆಗೆ ಬಂದು ನಿಂತಿವೆಯಂತೆ.

ಇನ್ನೊಬ್ಬನಾಗಿದ್ದರೆ ಅಲ್ಲಿಂದಲೇ ಮನೆಗೆ ಹೋಗುತ್ತಿದ್ದ. ಇವನು ಒಂದು ಮಾತು ಗಮನಿಸಿದ. ಮೂವರೂ ಕೆಲಸ ಮಾಡಿದ್ದು ಒಂದೇ ಸಂಸ್ಥೆಯ ಒಂದೇ ಪ್ರಯೋಗಾಲಯದಲ್ಲಿ. ಮರುದಿನ ಬೆಳಿಗ್ಗೆ ಅಲ್ಲಿಗೆ ಹೋದ. ಅಲ್ಲಿ ಆ ಕಾಲದವರೆಂದು ಉಳಿದಿದ್ದವಳು ಒಬ್ಬಳೇ, ಗಾಜಿನ ಸಾಮಾನು ತೊಳೆಯುವ ಹುಸೇನಬಿ.

ಸಂಶೋಧಕ ಅವಳಿಗೆ, “ಅಮ್ಮಾ, ನೀವು ದಿನವೂ ಮಾಡುವ ಕೆಲಸವನ್ನೇ ಮಾಡಿ. ನಾನು ಕೂತು ನೋಡುತ್ತೇನೆ,” ಎಂದ.

ಅವಳು ನಕ್ಕಳು. ಕುಪ್ಪಿ ತೊಳೆದಳು, ಒರೆಸಿದಳು, ಸಾಲಾಗಿ ಬೋರಲು ಹಾಕಿದಳು. ಆಮೇಲೆ ಬಕೆಟ್ ಹಿಡಿದು ಹಿತ್ತಲಿಗೆ ಹೋದಳು. ಬಾವಿಯಿಂದ ನೀರು ಸೇದಿ ತಂದು, ಅರಿವೆಯಲ್ಲಿ ಸೋಸಿ, ಮೂಲೆಯಲ್ಲಿದ್ದ ದೊಡ್ಡ ಕ್ಯಾನಿಗೆ ತುಂಬಿದಳು. ಕ್ಯಾನಿನ ಮೇಲೆ ‘ಬಟ್ಟಿ ಇಳಿಸಿದ ನೀರು’ ಎಂದು ಬರೆದ ಚೀಟಿ ಅಂಟಿಸಿತ್ತು.

ಸಂಶೋಧಕ ಕೂತಲ್ಲಿಂದ ಎದ್ದೇಬಿಟ್ಟ. “ಅಮ್ಮಾ, ಇದು ಬಾವಿಯ ನೀರಲ್ಲವೇ?”

“ಮತ್ತೇನಪ್ಪಾ ಮಾಡಲಿ? ಬಟ್ಟಿ ಇಳಿಸುವ ಯಂತ್ರ ಕೆಟ್ಟು ಯಾವ ಕಾಲವಾಯ್ತು! ದೊಡ್ಡ ಸಾಹೇಬರಿಗೆ ಹೇಳಿದೆ, ನೋಡೋಣ ಅಂದರು. ಅವರು ಹೋಗಿ ಇನ್ನೊಬ್ಬರು ಬಂದರು, ಅವರೂ ನೋಡೋಣ ಅಂದರು. ಕ್ಯಾನು ಖಾಲಿ ಇದ್ದರೆ ಮಾತ್ರ ಎಲ್ಲರೂ ನನ್ನ ಮೇಲೆ ರೇಗುತ್ತಿದ್ದರು.”

“ಕ್ಯಾನಿನಲ್ಲಿರುವುದು ಬಾವಿಯ ನೀರೆಂದು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲವೇ?”

“ಯಾರು ಕೇಳಿದರು?” ಎಂದಳು ಹುಸೇನಬಿ.

ಅವಳದು ತಪ್ಪೇನಿತ್ತು? ಯಂತ್ರ ಕೆಟ್ಟಿದೆಯೆಂದು ಅವಳು ಹೇಳಿಯೇ ಇದ್ದಳು. ಸಂಶೋಧಕ ಎರಡು ಕ್ಯಾನು ಬಾವಿಯ ನೀರು ಹೊತ್ತುಕೊಂಡು ಬಸ್ಸು ಹತ್ತಿದ. ಹದಿನೆಂಟನೆಯ ಸಲ ಬೆಳೆಸಿದ. ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆರೆಯಲು ಅವನಿಗೆ ಭಯ. ತೆರೆದು ನೋಡಿದರೆ ಬ್ಯಾಕ್ಟೀರಿಯ ಬದುಕಿತ್ತು. ಏಳನೆಯ ದಿನ ಕುಪ್ಪಿಯ ಕೆಂಪೆಲ್ಲ ಹೋಗಿ ನೀರು ಗಂಜಿಯ ತಿಳಿಯಂತಾಗಿತ್ತು. ಅವನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟ. ಆ ಬಾವಿಯ ನೀರಿನಲ್ಲಿ ಕಲ್ಲಿನಿಂದ ಕರಗಿ ಬಂದ ಒಂದು ಖನಿಜ ಇತ್ತು, ಒಂದು ಚಿಟಿಕೆಯ ಎಷ್ಟೋ ಪಾಲುಗಳಲ್ಲಿ ಒಂದರಷ್ಟು. ಅದಿಲ್ಲದೆ ಆ ಜೀವಿ ಬದುಕುತ್ತಿರಲಿಲ್ಲ. ಮೂರು ಪ್ರಬಂಧಗಳಲ್ಲಿ ಎಲ್ಲಿಯೂ ಅದರ ಸುಳಿವಿರಲಿಲ್ಲ.

ಮೇಷ್ಟ್ರು ನೀರು ಕುಡಿಯಲು ನಿಲ್ಲಿಸಿದರು.

“ಕೆರೆ?” ಎಂದಳು ಗಂಗಾಂಬಿಕೆ, ತಡೆಯಲಾರದೆ.

“ಅರ್ಧ ಉಳಿಯಿತು,” ಎಂದರು ಮೇಷ್ಟ್ರು. “ಇವನು ಬ್ಯಾಕ್ಟೀರಿಯ ಬೆಳೆಸಿಕೊಂಡು ಹೋಗುವಷ್ಟರಲ್ಲಿ ಲಾರಿಗಳು ಇನ್ನರ್ಧವನ್ನು ಮುಚ್ಚಿಬಿಟ್ಟಿದ್ದವು. ಈಗ ಅಲ್ಲಿ ಬಸ್ ಡಿಪೋ ಇದೆ. ಒಂದು ಸಾಲು ಬರೆಯದೆ ಹೋದದ್ದಕ್ಕೆ ಅರ್ಧ ಕೆರೆ ಹೋಯಿತು, ತಿಳೀತಾ?”

ಆಮೇಲೆ ಆ ಸಂಶೋಧಕ ತನ್ನ ಪ್ರಬಂಧ ಬರೆದ. ಬಾವಿ ಎಲ್ಲಿದೆ, ಎಷ್ಟು ಆಳ, ನೀರನ್ನು ಯಾವ ಅರಿವೆಯಲ್ಲಿ ಸೋಸಿದ್ದು, ಸೋಸಿದವರು ಯಾರು, ಎಲ್ಲ ಬರೆದ. ಹುಸೇನಬಿಯ ಹೆಸರನ್ನೂ ಬರೆದ. ಸಂಪಾದಕರು, ಪದ ಮಿತಿಮೀರಿದೆ, ನೀರಿನ ಪುಟ ತೆಗೆಯಿರಿ ಎಂದು ವಾಪಸು ಕಳುಹಿಸಿದರು. ಇವನು ಪೀಠಿಕೆಯನ್ನು ಕತ್ತರಿಸಿ, ಚರ್ಚೆಯನ್ನು ಕತ್ತರಿಸಿ, ನೀರಿನ ಪುಟವನ್ನು ಹಾಗೆಯೇ ಇಟ್ಟು ಮತ್ತೆ ಕಳುಹಿಸಿದ. ಮತ್ತೆ ವಾಪಸು ಬಂತು. ಮತ್ತೆ ಕಳುಹಿಸಿದ. ಮೂರನೆಯ ಸಲ ಅಚ್ಚಾಯಿತು.

ಕತೆ ಮುಗಿಯಿತು. ಗಂಗಾಂಬಿಕೆಗೆ ನಾಚಿಕೆಯೂ ಆಗಿತ್ತು, ಹುರುಪೂ ಬಂದಿತ್ತು. ಹಸ್ತಪ್ರತಿಯನ್ನು ಕೈಗೆತ್ತಿಕೊಂಡು ಎದ್ದು ನಿಂತಳು.

“ಗೊತ್ತಾಯಿತು ಸರ್. ವಿಧಾನದಲ್ಲಿ ಒಂದು ಪದವನ್ನೂ ಮುಟ್ಟುವುದಿಲ್ಲ. ಬೇರೆ ಕಡೆ ಕತ್ತರಿಸಿ ಇವತ್ತೇ ಕಳುಹಿಸುತ್ತೇನೆ. ಹೇಗೂ ನಮ್ಮದರಲ್ಲಿ ಅಂಥ ತೊಂದರೆ ಇಲ್ಲ. ನೋಡಿ, ಸ್ಪಷ್ಟವಾಗಿ ಬರೆದಿದ್ದೇನೆ: ‘ಬಟ್ಟಿ ಇಳಿಸಿದ ನೀರಿನಲ್ಲಿ ಬೆಳೆಸಲಾಯಿತು.’”

ಮೇಷ್ಟ್ರು ಕನ್ನಡಕ ಹಾಕಿಕೊಂಡು ಆ ಸಾಲನ್ನು ಓದಿದರು.

“ನೀರು ತುಂಬುವಾಗ ನೀನು ಅಲ್ಲಿದ್ದೆಯಾ?”

ಗಂಗಾಂಬಿಕೆ ಹಸ್ತಪ್ರತಿಯನ್ನು ಅಲ್ಲೇ ಬಿಟ್ಟು, ಪ್ರಯೋಗಾಲಯದಲ್ಲಿ ನೀರು ತುಂಬುವವರನ್ನು ಹುಡುಕಿಕೊಂಡು ಹೊರಟಳು.