ಶರಣು ಕಾರಂಜಿ ಬಾಗಿದ್ದು ಯಾರಿಗೆ

ಕೋಟೆಯ ಕೆಳಗಿನ ನೀಲಗಾರರ ಓಣಿಯ ಕುಡಿಯುವ ನೀರನ್ನು ಕದ್ದು ಈ ಕಾರಂಜಿ ಕಟ್ಟಿದರು. ಕರಿಗಡದ ಅರಮನೆ ಅಂಗಳದಲ್ಲಿ, ಕಪ್ಪು ಕಲ್ಲಿನ ಕಮಲದ ನಡುವಿನಿಂದ ಅದು ಇಂದಿಗೂ ಆಳೆತ್ತರ ಚಿಮ್ಮುತ್ತದೆ. ರಜೆಯ ದಿನ ಬಸ್ಸುಗಟ್ಟಲೆ ಜನ ಬಂದು ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ದೊರೆಯನ್ನು ಕಂಡು ನೀರೇ ತಲೆಬಾಗಿತಂತೆ, ಅದಕ್ಕೇ ಶರಣು ಕಾರಂಜಿ ಎಂಬ ಹೆಸರು ಬಂತಂತೆ. ಗೈಡುಗಳು ಹೀಗೆ ಹೇಳುತ್ತಾರೆ. ನೀರು ಬಾಗಿದ್ದು ನಿಜ. ದೊರೆಗೆ ಬಾಗಿದ್ದು ಸುಳ್ಳು.

ಹಿಂದೆ ಒಮ್ಮೆ, ಕೋಟೆಯಲ್ಲಿ ಇನ್ನೂ ದೊರೆಗಳಿದ್ದ ಕಾಲಕ್ಕೆ, ಗುಡ್ಡದ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ಇಳಿದ ನೀರು ನೇರವಾಗಿ ಈ ಓಣಿಯ ಕಲ್ಲುದೋಣಿಗೆ ಬೀಳುತ್ತಿತ್ತು ಎನ್ನುತ್ತಾರೆ. ಬಟ್ಟೆಗೆ ನೀಲಿ ಬಣ್ಣ ಹಾಕಿ ಬದುಕುವ ಜನ ಈ ನೀಲಗಾರರು. ದೊರೆ ಆ ಕೊಳವೆಯನ್ನು ನಡುವೆ ಒಡೆಸಿ, ಕವಲು ತೆಗೆಸಿ ಕಾರಂಜಿ ಮಾಡಿಸಿದ. ಓಣಿಯಲ್ಲಿ ಕೊಳವೆಯ ಬಾಯಿ ತೆರೆದಿದ್ದರೆ ಮೇಲೆ ನೀರು ಚಿಮ್ಮುವುದಿಲ್ಲ. ಹಾಗಾಗಿ ದೊರೆ ಕಾರಂಜಿ ನೋಡುವಾಗಲೆಲ್ಲ ಆ ಬಾಯಿಗೆ ಮರದ ಬಿರಡೆ ಬಡಿಯುತ್ತಿದ್ದರು. ಒಂದು ಬೇಸಿಗೆ ಪಕ್ಕದ ಸೀಮೆಯ ದೊರೆ ಅತಿಥಿಯಾಗಿ ಬಂದ. ಬಿರಡೆಯನ್ನು ದಿನಗಟ್ಟಲೆ ತೆಗೆಯಲಿಲ್ಲ. ಓಣಿಯ ತಂಗೆವ್ವನ ಮಗಳು ಬಾಳವ್ವ ಹೆರಿಗೆ ನೋವಿನಲ್ಲಿ ನೀರು ನೀರು ಎನ್ನುತ್ತಿದ್ದಳು. ಮನೆಯಲ್ಲಿ ಉಳಿದದ್ದು ಬಣ್ಣದ ಬಾನಿಯ ಕಹಿ ನೀರು. ತಂಗೆವ್ವ ತಾಮ್ರದ ಕೊಡ ಹಿಡಿದು ಬಿರಡೆಯ ಕಾವಲಿನವನ ಮುಂದೆ ನಿಂತಳು.

"ಏ ಮುದುಕಿ, ದೊರಿಗೋಳು ಕಾರಂಜಿ ನೋಡಾಕತ್ತಾರ. ಈಗ ನೀರು ಕೇಳ್ತಿಯಲ್ಲ, ಬುದ್ಧಿ ಐತೇನು?"

"ಅವರು ಕಣ್ಣೀಲೆ ಕುಡಿಯಾಕತ್ತಾರ, ನನ್ನ ಮಗಳು ಬಾಯೀಲೆ ಕುಡೀಬೇಕು. ಸರಿಯೋ ತಮ್ಮಾ."

ಅವನು ನಕ್ಕ. ಆಕೆ ಕೊಡದಿಂದಲೇ ಬಿರಡೆಗೆ ಗುದ್ದಿದಳು. ಬಿರಡೆ ಹಾರಿತು, ಕೊಡ ತುಂಬಿತು. ಮೇಲೆ ಅತಿಥಿಯ ಕಣ್ಣೆದುರೇ ಕಾರಂಜಿ ಕುಗ್ಗಿ, ಕಮಲದ ಮೇಲೆ ಬಾಗಿ ಬಿತ್ತು. ದೊರೆಯ ಮುಖ ಕಪ್ಪಿಟ್ಟಿತು. ಆಗ ಹೊಗಳುಭಟನೊಬ್ಬ ಕೂಗಿದನಂತೆ: "ಪ್ರಭು, ತಮ್ಮನ್ನೂ ಅತಿಥಿಗಳನ್ನೂ ಕಂಡು ನೀರು ಕೂಡ ಶರಣೆಂದಿತು!" ದೊರೆಗಳಿಬ್ಬರಿಗೂ ಆ ಮಾತು ಹಿಡಿಸಿತು. ಹೆಸರು ಅಲ್ಲೇ ನಿಂತಿತು. ಹೆಸರು ಉಳಿಯಬೇಕಾದರೆ ಕಾರಣ ಹೂತುಹೋಗಬೇಕಲ್ಲ. ಅದೇ ಸಂಜೆ ಸೀಸ ಕಾಯಿಸಿ ಓಣಿಯ ಕೊಳವೆಯ ಬಾಯಿಗೆ ಹೊಯ್ದರು. ಅದಕ್ಕೂ ಮೊದಲೇ ತಂಗೆವ್ವನ ಕೊಡ ಕಸಿದು ನೀರನ್ನು ಮಣ್ಣಿಗೆ ಚೆಲ್ಲಿದ್ದರು. ಬಾಳವ್ವ ಒಣ ಬಾಯಲ್ಲೇ ಸತ್ತಳು, ಮಗುವೂ ಉಳಿಯಲಿಲ್ಲ ಎನ್ನುತ್ತಾರೆ. ತಂಗೆವ್ವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಸೀಸದ ಆ ಗಟ್ಟಿ ಇಂದಿಗೂ ಓಣಿಯ ಗೋಡೆಯಲ್ಲಿದೆ. ಹೆರಿಗೆಗೆ ಹೋಗುವ ಹೆಣ್ಣುಮಕ್ಕಳು ಅದನ್ನು ಮುಟ್ಟಿ ಹೋಗುತ್ತಾರೆ. ಬೆರಳು ತಾಕಿ ತಾಕಿ ಅದು ಹೊಳೆಯುತ್ತದೆ. ಅದರ ಪಕ್ಕದಲ್ಲೇ, ಕಾರಂಜಿಯ ಕೊಳವೆಗೇ ಜೋಡಿಸಿದ ಸರಕಾರದ ನಲ್ಲಿ. ರಜೆಯ ದಿನ ಕಾರಂಜಿ ಚಿಮ್ಮಲೆಂದು ಆ ನಲ್ಲಿಯ ವಾಲ್ವ್ ಬಂದ್ ಮಾಡುತ್ತಾರೆ. ಓಣಿಯವರಾದ ನಾವು ಅರ್ಜಿ ಕೊಟ್ಟೆವು, ಧರಣಿ ಕೂತೆವು, ಲಾಠಿ ತಿಂದೆವು. ಏನೂ ಆಗಲಿಲ್ಲ, ಆಗುತ್ತದೆಂಬ ಭರವಸೆಯೂ ನನಗಿಲ್ಲ. ಆದರೂ ಹೇಳುತ್ತೇನೆ. ಕಾರಂಜಿ ನೋಡಲು ಬಂದವರೇ, ಫೋಟೊ ಸಾಕು. ಕೆಳಗಿಳಿದು ಬನ್ನಿ. ವಾಲ್ವ್ ತಿರುಗಿಸಿ. ಮೇಲೆ ನೀರು ಬಾಗುವವರೆಗೆ ಕೈ ತೆಗೆಯಬೇಡಿ.