ಮತ್ತೆ ಬನ್ನಿ ಎನ್ನದವಳು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಾನು ಪಾಠ ಹೇಳುವ ಕಾಲೇಜಿನಲ್ಲಿ ನಾಳೆ ಸಭೆಯಿದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಸೀಟು ಸಾಲುತ್ತಿಲ್ಲ. ಸಾಹಿತ್ಯ, ಚರಿತ್ರೆ, ತತ್ತ್ವಶಾಸ್ತ್ರದ ತರಗತಿಗಳಲ್ಲಿ ಬೆಂಚುಗಳು ಖಾಲಿ. ಈ ಮಾನವಿಕ ವಿಭಾಗವನ್ನು ಮುಚ್ಚಿ, ಕೋಣೆಗಳನ್ನು ಅವರಿಗೆ ಬಿಟ್ಟುಕೊಡೋಣ ಎನ್ನುತ್ತಿದ್ದಾರೆ. ಒಂದು ವಿದ್ಯೆ ಕೆಲಸ ಕೊಡುತ್ತದೆ. ಇನ್ನೊಂದು ಏನು ಕೊಡುತ್ತದೆ? ನಾನು ಯಾವ ಕಡೆಗೆ ಕೈ ಎತ್ತಲಿ?"

"ಏನು ಕೊಡುತ್ತದೆ ಎಂದು ಕೇಳುವವರೆಲ್ಲ ತಕ್ಕಡಿ ಹಿಡಿದೇ ಬರುತ್ತೀರಿ. ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ನಿಮ್ಮದರಂಥದೇ ಒಂದು ಕಾಲೇಜಿತ್ತು. ಹೋಟೆಲ್ ಕೋರ್ಸಿನ ವಿದ್ಯಾರ್ಥಿಗಳು ಕೆಲಸ ಕಲಿಯಲಿ ಎಂದು ಕಾಲೇಜು ಒಂದು ಅತಿಥಿಗೃಹ ನಡೆಸುತ್ತಿತ್ತು. ಎದುರಿಗೆ ದೊಡ್ಡಾಸ್ಪತ್ರೆ. ರೋಗಿಗಳ ಕಡೆಯವರು ಬಂದು ಅಲ್ಲಿ ಉಳಿಯುತ್ತಿದ್ದರು. ಹಾಸಿಗೆ ಹಾಸುವುದರಿಂದ ಹಿಡಿದು ಬಾಗಿಲಲ್ಲಿ ನಿಂತು ಕೈಮುಗಿಯುವವರೆಗೆ ಎಲ್ಲವೂ ವಿದ್ಯಾರ್ಥಿಗಳದೇ ಕೆಲಸ.

ವಾರಕ್ಕೆ ಒಂದು ಗಂಟೆ ಅವರು ಮಾನವಿಕ ವಿಭಾಗದ ಮೇಡಂ ಒಬ್ಬರ ತರಗತಿಗೆ ಹೋಗಬೇಕಿತ್ತು. ಆಕೆ ಒಂದು ವಿಚಿತ್ರ ಕೆಲಸ ಕೊಟ್ಟರು. ಮನೆಗೆ ಬಂದವರನ್ನು ನಿಮ್ಮ ಜನ ಹೇಗೆ ಕಳಿಸಿಕೊಡುತ್ತಾರೆ, ಕೇಳಿ ಬರೆದು ತನ್ನಿ: ಮದುವೆಗೆ ಬಂದವರನ್ನು, ಜಗಳವಾಡಿ ಹೊರಟವರನ್ನು, ಸಾವಿಗೆ ಬಂದವರನ್ನು. ಹುಡುಗರು ನಕ್ಕರು. ಒಬ್ಬ ಹುಡುಗಿ ಮಾತ್ರ ಕೇರಿ ಕೇರಿ ತಿರುಗಿ ನಲವತ್ತು ಪುಟ ಬರೆದಳು. ಮುಂದಿನ ವರ್ಷ ಪ್ರಾಂಶುಪಾಲರು ಆ ಒಂದು ಗಂಟೆಯನ್ನೂ ಕಿತ್ತುಹಾಕಿದರು. ಕಳಿಸಿಕೊಡುವುದು ಹೇಗೆಂದು ನಮ್ಮ ಪಠ್ಯದಲ್ಲೇ ಒಂದು ಸಾಲಿದೆ, ಅಷ್ಟು ಸಾಕು ಎಂದರು. ಅದು ನಿಜವೂ ಹೌದು. ಹೊರಡುವ ಪ್ರತಿ ಅತಿಥಿಗೂ ಕೈಮುಗಿದು, ನಗುತ್ತ, 'ಹೋಗಿ ಬನ್ನಿ, ಮತ್ತೆ ನಮ್ಮಲ್ಲಿಗೇ ಬನ್ನಿ' ಎನ್ನಬೇಕು ಎಂಬುದೇ ಆ ಸಾಲು. ಅದನ್ನು ತಪ್ಪಿದವರು ಉಳಿದದ್ದರಲ್ಲಿ ಎಷ್ಟೇ ಅಂಕ ತೆಗೆದರೂ ಫೇಲು.

ಕೊನೆಯ ಪರೀಕ್ಷೆಯ ದಿನ ಬಂತು. ಹೊರಗಿನಿಂದ ಒಬ್ಬ ಪರೀಕ್ಷಕ ಬಂದು ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತ. ಆ ಹುಡುಗಿಗೆ ಒಂದು ಹೋಟೆಲಿನಿಂದ ಪತ್ರ ಬಂದಿತ್ತು. ಪಾಸಾದರೆ ತಿಂಗಳ ಮೊದಲ ದಿನವೇ ಕೆಲಸ. ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇರಲಿಲ್ಲ.

ಅಂದು ಕೋಣೆ ಖಾಲಿ ಮಾಡಿದವರು ಒಬ್ಬ ತಾಯಿ ಮತ್ತು ಆಕೆಯ ಕಿರಿಯ ಮಗ. ಹಿರಿಯ ಮಗನನ್ನು ಆಸ್ಪತ್ರೆಗೆ ಸೇರಿಸಿ ಹನ್ನೊಂದು ದಿನ ಅಲ್ಲಿದ್ದರು. ಬೆಳಿಗ್ಗೆ ಅವನು ತೀರಿಹೋಗಿದ್ದ. ಹೆಣ ಸಾಗಿಸುವ ಗಾಡಿ ಹೊರಗೆ ನಿಂತಿತ್ತು.

ಸಾವಿನ ಮನೆಯಿಂದ ಹೊರಡುವವರು ಬರುತ್ತೇವೆ ಎನ್ನುವುದಿಲ್ಲ. ಅವರಿಗೆ ಯಾರೂ ಬನ್ನಿ ಎನ್ನುವುದೂ ಇಲ್ಲ. ಇದು ಆ ವಿದ್ಯಾರ್ಥಿಗಳಲ್ಲಿ ಯಾರಿಗೆ ಗೊತ್ತಿರಲಿಲ್ಲ ಹೇಳು? ಎಲ್ಲರಿಗೂ ಗೊತ್ತಿತ್ತು. ಆದರೆ ಸಮವಸ್ತ್ರದ ಕೋಟು ತೊಟ್ಟ ಮೇಲೆ ಮನೆಯಲ್ಲಿ ಕಲಿತದ್ದನ್ನು ಮರೆಯಬೇಕು ಎಂದು ನಂಬಿಬಿಟ್ಟಿದ್ದರು. ಮೊದಲು ನಿಂತಿದ್ದ ವಿದ್ಯಾರ್ಥಿ ಆ ಕಿರಿಯ ಮಗನಿಗೆ ಕೈಮುಗಿದು, ನಕ್ಕು, ಮತ್ತೆ ಬನ್ನಿ ಎಂದ. ಮೆಟ್ಟಿಲಿಳಿಯುತ್ತಿದ್ದವನು ಹಾಗೇ ನಿಂತುಬಿಟ್ಟ. ಪರೀಕ್ಷಕ ಪೂರ್ತಿ ಅಂಕ ಹಾಕಿದ.

ಆಮೇಲೆ ತಾಯಿ ಬಂದಳು. ಬಾಗಿಲಲ್ಲಿ ಈಗ ಆ ಹುಡುಗಿಯ ಸರದಿ. ಅವಳು ನಗಲಿಲ್ಲ. ಏನೂ ಹೇಳಲಿಲ್ಲ. ತಾಯಿಯ ಕೈಯಿಂದ ಚೀಲ ತೆಗೆದುಕೊಂಡಳು, ಇನ್ನೊಂದು ಕೈಯಿಂದ ತೋಳು ಹಿಡಿದಳು, ಗಾಡಿಯವರೆಗೆ ನಡೆಸಿಕೊಂಡು ಹೋಗಿ ಕೂರಿಸಿ ಬಂದಳು.

ಪರೀಕ್ಷಕ ಲೇಖನಿಯ ತುದಿಯಿಂದ ಹಾಳೆ ತಟ್ಟಿದ. "ಹೇಳಬೇಕಾದ್ದು ಹೇಳಲಿಲ್ಲ ನೀನು. ಗಾಡಿ ಇನ್ನೂ ಹೊರಟಿಲ್ಲ. ಹೋಗಿ ಹೇಳಿ ಬಾ, ಪಾಸು ಮಾಡ್ತೀನಿ."

"ಹೇಳಲ್ಲ ಸರ್."

"ನಿಯಮ ಓದಿಲ್ವೇನಮ್ಮಾ?"

"ಓದಿದೀನಿ ಸರ್. ಬರೆದವರು ಯಾರ ಸಾವಿಗೂ ಹೋಗಿರಲಿಲ್ಲ ಅನ್ಸುತ್ತೆ. ಮಗನ್ನ ಕಳ್ಕೊಂಡು ಹೊರಟೋರಿಗೆ ಮತ್ತೆ ಬನ್ನಿ ಅಂದ್ರೆ, ಇನ್ನೊಬ್ಬನ್ನೂ ಕರ್ಕೊಂಡು ಬನ್ನಿ ಅಂದಹಾಗೆ. ಆ ಕೆಲಸ ಬೇಕೇ ಬೇಕು ನನಗೆ. ಆದ್ರೆ ಈ ಬಾಯಲ್ಲಿ ಆ ಮಾತು ಬರಲ್ಲ. ಸೊನ್ನೆ ಹಾಕ್ಕೊಳ್ಳಿ."

ಅವಳು ಹೇಳಿದ್ದು ಸರಿ ಎಂದು ಪರೀಕ್ಷಕನಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಅವನೂ ಈ ನೆಲದವನೇ, ಅವನ ಮನೆಯಲ್ಲೂ ಸಾವಾಗಿತ್ತು. ಆದರೂ ಎಲ್ಲರೆದುರು ಒಂದು ಹುಡುಗಿ ಎದುರಾಡಿದಳಲ್ಲ ಎಂಬ ಉರಿ ಮೇಲಾಯಿತು. ಸೊನ್ನೆ ಹಾಕಿದ. ಅವಳು ಕೋಟು ಕಳಚಿ, ಮಡಿಸಿ, ಅವನ ಮೇಜಿನ ಮೇಲಿಟ್ಟು, ಎತ್ತಿದ ತಲೆ ಬಗ್ಗಿಸದೆ ನಡೆದುಹೋದಳು. ಕೆಲಸ ತಪ್ಪಿತು. ಎಲ್ಲಿಗೆ ಹೋದಳೋ ತಿಳಿಯಲಿಲ್ಲ. ಆ ಪರೀಕ್ಷಕ ಮಾತ್ರ ಇನ್ನೂ ಹಲವು ವರ್ಷ ಅದೇ ಸಾಲಿಗೆ ಅಂಕ ಹಾಕುತ್ತ ತಿರುಗಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ನಾಳೆಯ ಸಭೆ ಮರೆತೇಹೋಗಿತ್ತು. ಅವನ ಮುಖ ಕೆಂಪಾಗಿತ್ತು. "ನೀನೂ ಒಬ್ಬ ಮನುಷ್ಯನೇನಯ್ಯಾ ಎಂದು ಅವನ ಮುಖಕ್ಕೇ ಕೇಳುವವರು ಒಬ್ಬರೂ ಇರಲಿಲ್ಲವೇ?" ಎಂದ.

"ಈ ಮುಖ ಹೊತ್ತು ಇಪ್ಪತ್ತೆರಡು ವರ್ಷದಿಂದ ಕಾದಿದ್ದೆ, ಇವತ್ತು ನೀನು ಕೇಳಿದೆ" ಎಂದರು ಗುರುಗಳು.