ಚಕ್ರದೊಳಗಿನ ನಗಾರಿ

ಕೇಳ್ರಪ್ಪಾ, ಈ ಕಥೆಯಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ ನಿಮ್ಮ ಕೈಗೆ ಕೊಡ್ತೇನೆ.

ಇಳಿಜಾರುಪುರ ಅಂತ ಒಂದು ರಾಜ್ಯ. ಅಲ್ಲಿ ಗಡಿಬಿಡಿರಾಯ ಅಂತ ಒಬ್ಬ ರಾಜ. ಅರಮನೆ ಗುಡ್ಡದ ನೆತ್ತಿಯಲ್ಲಿ, ಕುಂಬಾರರ ಕೇರಿ ಗುಡ್ಡದ ಬುಡದಲ್ಲಿ. ನಡುವೆ ಒಂದೇ ರಸ್ತೆ. ಎಂಥ ಇಳಿಜಾರು ಅಂತೀರಿ? ಮೇಲೆ ನಿಂತು ಸೀನಿದರೆ ಮೂಗುತಿ ಕೆಳಗೆ ಸಿಕ್ಕುತ್ತಿತ್ತು.

ರಾಜನಿಗೊಂದು ಕಾರು. ಕಾರಿಗೊಬ್ಬ ಮೇಸ್ತ್ರಿ, ಸಿಂಗಾರಯ್ಯ. ದಿನಕ್ಕೆ ಮೂರು ಸಲ ಕಾರು ತೊಳೆಯುವನು, ಮೂರು ಸಲ ಒರೆಸುವನು, ಮೂರು ಸಲ ಅದರಲ್ಲಿ ತನ್ನ ಮುಖ ನೋಡಿಕೊಳ್ಳುವನು. ಚಕ್ರ ಬಿಚ್ಚಿ ಒಳಗೆ ನೋಡಿದ್ದು ಮಾತ್ರ ಒಂದು ಸಲವೂ ಇಲ್ಲ. ಕೈ ಮಸಿಯಾಗುತ್ತದಲ್ಲ!

ಕೇರಿಯ ಮೊದಲ ಮನೆ ಹುಲಿಗೆಮ್ಮನದು. ಅರಮನೆಯ ನಗಾರಿ ಬಾರಿಸುವವಳು. ಅವಳ ಕಿವಿಯೋ ಕಿವಿ! ಮೂರು ಮನೆ ಆಚೆ ಮಡಕೆ ಬಿರುಕು ಬಿಟ್ಟರೆ, ಕೂತಲ್ಲಿಂದಲೇ ಎಲ್ಲಿ ಬಿಟ್ಟಿತು ಅಂತ ಹೇಳುವಳು.

ಒಂದು ದಿನ ಕಾರು ಕಿರ್ರೋ ಅಂತ ಕಿರುಚುತ್ತ ಇಳಿಯಿತು. ಆ ಸದ್ದಿಗೆ ಕೇರಿಯ ಕೋಳಿಗಳು ಹೆದರಿ ಒಂದೊಂದೂ ಒಂಬತ್ತೊಂಬತ್ತು ಮೊಟ್ಟೆ ಇಟ್ಟವು. ಕಾರು ತಮಗೆ ಜಯಕಾರ ಹಾಕುತ್ತಿದೆ ದೊರೆ, ಅಂದ ಸಿಂಗಾರಯ್ಯ. ರಾಜ ಹಿಗ್ಗಿ ಶಾಲು ಹೊದಿಸಿದ.

ಇನ್ನೊಂದು ದಿನ ಬ್ರೇಕು ಒತ್ತಿದರೆ ಕಾರು ಎಡಕ್ಕೆ ಎಳೆದು ತೊಂಬತ್ತು ಮಡಕೆ ಪುಡಿ ಮಾಡಿತು. ಎಡಕ್ಕಲ್ಲವೇ ರಾಣಿಯವರ ತವರು, ಕಾರಿಗೆ ಅಷ್ಟು ನಿಷ್ಠೆ, ಅಂದ ಸಿಂಗಾರಯ್ಯ. ಇನ್ನೊಂದು ಶಾಲು.

ಮತ್ತೊಂದು ದಿನ ಪೆಡಲ್ಲು ನೆಲಕ್ಕೇ ಇಳಿದುಹೋಯಿತು. ಕಾರು ಹುಲಿಗೆಮ್ಮನ ಗೋಡೆ ಸವರಿಕೊಂಡು ಕೆರೆಗೆ ಬಿತ್ತು. ಪೆಡಲ್ಲು ತಮ್ಮ ಪಾದಕ್ಕೆ ಅಡ್ಡಬಿದ್ದಿದೆ ದೊರೆ, ಅಂದ ಸಿಂಗಾರಯ್ಯ.

ರಾಜ ಕಿರೀಟದೊಳಗಿಂದ ಮೀನು ತೆಗೆದ. ಈ ಸಲ ಶಾಲು ಕೊಡಲಿಲ್ಲ.

"ನಾಳೆ ಮಗಳು ಇದೇ ಕಾರಲ್ಲಿ ಗಂಡನ ಮನೆಗೆ ಹೋಗಬೇಕು. ನಿಜ ಹೇಳು, ಏನು ಕೆಟ್ಟಿದೆ?"

ರಾಜನಿಗೆ ತಿಳಿಯದ ಮಾತೊಂದು ಎಸೆದುಬಿಟ್ಟರೆ ಬಚಾವು ಅಂತ ಸಿಂಗಾರಯ್ಯ, "ಡ್ರಮ್ಮು ದೊರೆ. ಬರೀ ಡ್ರಮ್ಮಿನ ತೊಂದರೆ" ಅಂದ. ಚಕ್ರದೊಳಗೆ ಬ್ರೇಕು ಕೂರುವ ಬಟ್ಟಲಿಗೆ ಡ್ರಮ್ಮು ಅಂತ ಹೆಸರು; ರಾಜನಿಗೆ ಗೊತ್ತಿದ್ದ ಡ್ರಮ್ಮು ನಗಾರಿ ಒಂದೇ.

ರಾಜನ ಮುಖ ಅರಳಿತು. "ಡ್ರಮ್ಮಾ? ಮೊದಲೇ ಹೇಳಬಾರದಿತ್ತೇನಯ್ಯ. ಕರೀರಿ ಹುಲಿಗೆಮ್ಮನ್ನ."

ಕಾರನ್ನು ಕೆರೆಯಿಂದ ಎತ್ತಿ ಅರಮನೆಗೆ ಎಳೆತಂದರು. ನಗಾರಿ ಕೋಲು ಹಿಡಿದು ಹುಲಿಗೆಮ್ಮ ಬಂದಳು. ಆಸ್ಥಾನವೆಲ್ಲ ನಕ್ಕಿತು. ಅವಳು ನಗಲಿಲ್ಲ. ಕಾರು ಸವರಿಕೊಂಡು ಹೋದ ಗೋಡೆಯ ಹಿಂದೆಯೇ ಅವಳ ಮೊಮ್ಮಗಳ ತೊಟ್ಟಿಲಿತ್ತು. ನಾಲ್ಕೂ ಚಕ್ರಕ್ಕೆ ಮೆಲ್ಲಗೆ ಕೋಲು ತಾಗಿಸಿ ಕಿವಿಯಿಟ್ಟಳು.

"ಕಾರಿನ ವಿದ್ಯೆ ನಂಗೆ ಅರೆಬರೆ ಗೊತ್ತು ದೊರೆ, ನಗಾರಿದು ಪೂರಾ ಗೊತ್ತು. ನಗಾರಿ ಸದ್ದು ಕೆಟ್ಟರೆ ದೋಷ ಒಳಗಿರ್ತದೆ. ಬಿಚ್ಚಬೇಕು."

ಬಿಚ್ಚುವುದೇನೂ ಬೇಡ, ಕೆರೆಯಿಂದ ಎತ್ತಿದ ಕೂಡಲೇ ತಾನೇ ಬಿಚ್ಚಿ ಸರಿಮಾಡಿದ್ದೇನೆ ಅಂತ ಸಿಂಗಾರಯ್ಯ ಎದೆ ಉಬ್ಬಿಸಿದ.

"ಹಂಗಾದ್ರೆ ಸರಿ," ಅಂದಳು ಹುಲಿಗೆಮ್ಮ. "ನಮ್ಮಲ್ಲೊಂದು ಪದ್ಧತಿ. ನಗಾರಿಗೆ ಚರ್ಮ ಬಿಗಿದವರೇ ಮೊದಲ ಏಟು ಹೊಡೀಬೇಕು. ರಾಜಕುಮಾರಿ ಕೂರೋ ಮೊದಲು ಮೇಸ್ತ್ರಿಯೋರು ಒಂದು ಸಲ ಇಳಿಜಾರು ಇಳಿದು ಬರಲಿ."

ಭಲೇ ಪದ್ಧತಿ, ಅಂದ ರಾಜ. ಸಿಂಗಾರಯ್ಯ ಎರಡೂ ಶಾಲು ಸರಿಮಾಡಿಕೊಂಡು ಕಾರಿನಲ್ಲಿ ಕೂತ. ಇಳಿಜಾರು ನೋಡಿದ. ಕೆರೆ ನೋಡಿದ. ಮತ್ತೆ ಇಳಿಜಾರು ನೋಡಿದ. ಆಮೇಲೆ ಕೆಳಗಿಳಿದು, ಪೆಡಲ್ಲಿಗಿಂತ ಚೆನ್ನಾಗಿ ರಾಜನ ಪಾದಕ್ಕೆ ಅಡ್ಡಬಿದ್ದ. ಹುಟ್ಟಿದಾಗಿನಿಂದ ಒಂದು ಡ್ರಮ್ಮನ್ನೂ ಬಿಚ್ಚಿಲ್ಲ ಅಂತ ಒಪ್ಪಿಕೊಂಡ.

ಹುಲಿಗೆಮ್ಮ ಸೆರಗು ಕಟ್ಟಿದಳು. ಕಾರು ಉರುಳದಂತೆ ಚಕ್ರಕ್ಕೆ ಕಲ್ಲು ಕೊಟ್ಟಳು, ಜಾಕು ಏರಿಸಿ ಕೆಳಗೆ ಗಟ್ಟಿ ಆಸರೆ ಇಟ್ಟಳು. ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚಿದಳು. ಜೋಡಿಸುವಾಗ ಮರೆತರೆ ನೋಡಿಕೊಳ್ಳಲು ಇನ್ನೊಂದು ಇರಬೇಕಲ್ಲ! ಒಳಗೆ ಬೊಗಸೆ ತುಂಬ ಧೂಳು. ಅದೇ ಜಯಕಾರ. ಸಿಂಗಾರಯ್ಯ ಊದಲು ಬಾಯಿ ಉಬ್ಬಿಸಿದ. ಆ ಧೂಳು ಎದೆಗಿಳಿದರೆ ಕೆಟ್ಟದ್ದು ಅಂತ ಅವನ ಬಾಯಿ ಮುಚ್ಚಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಬಲಗಡೆ ಬ್ರೇಕಿನ ಎಣ್ಣೆ ಸೋರಿ, ಡ್ರಮ್ಮಿಗೆ ಒತ್ತಿ ಚಕ್ರ ಹಿಡಿಯುವ ಬ್ರೇಕ್ ಶೂ ಜಾರುತ್ತಿತ್ತು, ಎಡಗಡೆಯದು ಮಾತ್ರ ಹಿಡಿಯುತ್ತಿತ್ತು. ಅದೇ ತವರಿನ ನಿಷ್ಠೆ. ಶೂಗಳೋ, ಕಾಶಿಗೆ ನಡೆದು ಬಂದವನ ಚಪ್ಪಲಿಯಂತೆ ಸವೆದಿದ್ದವು. ಅದೇ ಅಡ್ಡಬಿದ್ದದ್ದು.

ಎಣ್ಣೆ ಸೋರಿದ ಕಡೆ ಮಾತ್ರ ಹೊಸ ಶೂ ಸಾಕಲ್ಲವೇ ಅಂತ ಸಿಂಗಾರಯ್ಯ ಕೇಳಿದ.

"ಒಂದು ಕಾಲಿಗೆ ಹೊಸ ಜೋಡು, ಒಂದಕ್ಕೆ ಹಳೇದು ಹಾಕ್ಕೊಂಡು ನೆಟ್ಟಗೆ ನಡೀತೀರಾ ಮೇಸ್ತ್ರಿಯೋರೆ?"

ಎರಡೂ ಕಡೆ ಹೊಸದು ಹಾಕಿದಳು. ಸೋರಿಕೆ ನಿಲ್ಲಿಸಿ, ಹೊಸ ಎಣ್ಣೆ ತುಂಬಿ, ಪೈಪಿನೊಳಗಿನ ಗಾಳಿ ತೆಗೆದಳು. ನಗಾರಿಗೆ ಶ್ರುತಿ ಮಾಡಿದ ಹಾಗೆ ಚಕ್ರ ತಿರುಗಿಸಿ ತಿರುಗಿಸಿ, ಸಣ್ಣಗೆ 'ಸರ್' ಅನ್ನುವಷ್ಟೇ ಬಿಗಿದಳು.

ಪದ್ಧತಿ ಪದ್ಧತಿಯೇ. ಮೊದಲು ಅವಳೇ ಕೂತಳು, ಕಾರು ನಡೆಸಲು ಸಿಂಗಾರಯ್ಯನನ್ನು ಕೂರಿಸಿಕೊಂಡಳು. ಕಾರು ಮೆಲ್ಲಗೆ ಇಳಿದು ಅವಳ ಮನೆ ಮುಂದೆ ನಿಂತಿತು. ಎದುರಿಗೆ ಒಂದು ನಿಂಬೆಹಣ್ಣಿನಷ್ಟು ದೂರದಲ್ಲಿ ಕೋಳಿ ಮಲಗಿತ್ತು. ಕಣ್ಣು ಕೂಡ ತೆರೆಯಲಿಲ್ಲ.

ಮರುದಿನ ರಾಜಕುಮಾರಿ ಸುಖವಾಗಿ ಗಂಡನ ಮನೆ ಸೇರಿದಳು. ಶಾಲುಗಳೆಲ್ಲ ಹುಲಿಗೆಮ್ಮನ ಹೆಗಲೇರಿದವು. ಸಿಂಗಾರಯ್ಯನಿಗೋ ಶಿಕ್ಷೆ ಚಿಕ್ಕದು: ಕಾರು ಇಳಿಯುವಾಗಲೆಲ್ಲ ಅವನು ಅದರ ಮುಂದೆ ಓಡಬೇಕು. ಅಂದಿನಿಂದ ಅವನು ಡ್ರಮ್ಮು ಬಿಚ್ಚಿ ನೋಡದ ವಾರವಿಲ್ಲ.

ನೀತಿ ಇಷ್ಟೇ ಮಕ್ಕಳೇ: ಹೊರಗಿನ ಹೊಳಪು ಗಾಡಿ ನಿಲ್ಲಿಸೋದಿಲ್ಲ. ಒಳಗೆ ಬಿಚ್ಚಿ ನೋಡಿದ ಕೈ ನಿಲ್ಲಿಸುತ್ತದೆ.

ಹಾಂ, ಕೋಳಿಗಳು ಒಂಬತ್ತೊಂಬತ್ತು ಮೊಟ್ಟೆ ಇಟ್ಟವು ಅಂದೆನಲ್ಲ, ಅದೊಂದು ಸುಳ್ಳು. ಎಂಟೆಂಟೇ ಇಟ್ಟದ್ದು. ಅಷ್ಟಕ್ಕೆಲ್ಲ ಮೀಸೆ ಕೇಳಬೇಡಿ.